ಪದೇ ಪದೇ ಗರ್ಭಪಾತ: ಸರ್ಕಾರಿ ಆಸ್ಪತ್ರೆಯೇ, ಖಾಸಗಿಯೇ?

ಮದುವೆಯಾಗಿ ನಾಲ್ಕೈದು ವರ್ಷಗಳಲ್ಲಿ ಮೂರು ಸಲ ಬಸಿರು ನಿಂತು, ಮೂರು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋದರೆ ಆ ಮನೆಯಲ್ಲಿ ಏನೇನು ಮಾತು ಏಳುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ‘ಮೈಯಲ್ಲಿ ಉಷ್ಣ ಜಾಸ್ತಿ’ ಎಂದು ಒಬ್ಬರು, ‘ಗರ್ಭಚೀಲಕ್ಕೆ ಶಕ್ತಿ ಸಾಲದು’ ಎಂದು ಇನ್ನೊಬ್ಬರು, ‘ನಾಗದೋಷ ಇರಬೇಕು, ಒಮ್ಮೆ ಕೇಳಿಸಿ ನೋಡಿ’ ಎಂದು ಮತ್ತೊಬ್ಬರು. ಎಲ್ಲ ಮಾತೂ ಸೊಸೆಯ ಕಡೆಗೇ. ಮಗನ ಕಡೆಗೆ ಒಂದೂ ಇಲ್ಲ. ಕೊನೆಗೆ ಗಂಡ ಹೆಂಡತಿಯ ಮುಂದೆ ಒಂದು ಪ್ರಶ್ನೆ ಉಳಿಯುತ್ತದೆ: ‘ಮುಂದಿನ ಸಲ ಎಲ್ಲಿ ತೋರಿಸುವುದು? ಸರ್ಕಾರಿ ಆಸ್ಪತ್ರೆಯಲ್ಲಿ ಸರಿಯಾಗಿ ನೋಡುತ್ತಾರೋ ಇಲ್ಲವೋ. ಬಳೆ ಅಡವಿಟ್ಟಾದರೂ ಖಾಸಗಿಗೇ ಹೋಗೋಣವೇ?’

ಬಳೆ ಅಡವಿಡುವ ಮೊದಲು ಒಂದು ವಿಷಯ ತಿಳಿದಿರಲಿ. ಈ ತೊಂದರೆಗೆ ಪ್ರಯೋಜನವಿದೆ ಎಂದು ಖಚಿತವಾಗಿರುವ ಪರೀಕ್ಷೆಗಳು ಬೆರಳೆಣಿಕೆಯಷ್ಟು. ಚಿಕಿತ್ಸೆಗಳು ಅದಕ್ಕಿಂತಲೂ ಕಡಿಮೆ. ಅವು ಯಾವುವೆಂದು ಗೊತ್ತಿದ್ದರೆ ಯಾವುದನ್ನು ಎಲ್ಲಿ ಮಾಡಿಸಬೇಕೆಂಬುದು ಸುಲಭವಾಗಿ ತೀರ್ಮಾನವಾಗುತ್ತದೆ. ಗೊತ್ತಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಬೇಕಾದದ್ದು ತಪ್ಪಿಹೋಗುತ್ತದೆ, ಖಾಸಗಿ ಆಸ್ಪತ್ರೆಯಲ್ಲಿ ಬೇಡವಾದದ್ದೂ ಸೇರಿಕೊಳ್ಳುತ್ತದೆ.

ಎಷ್ಟು ಸಲ ಹೋದರೆ ಪರೀಕ್ಷೆ?

ಇಲ್ಲಿ ಗರ್ಭಪಾತವೆಂದರೆ ತಾನಾಗಿಯೇ ಆಗುವುದು; ಮಾಡಿಸಿಕೊಳ್ಳುವುದಲ್ಲ. ಬಸಿರೆಂದು ಗೊತ್ತಾದ 100 ಗರ್ಭಗಳಲ್ಲಿ ಸುಮಾರು 15 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಮನುಷ್ಯನ ಪ್ರತಿ ಜೀವಕೋಶದಲ್ಲೂ 46 ವರ್ಣತಂತುಗಳಿರಬೇಕು. ಅಂಡಾಣು, ವೀರ್ಯಾಣು ಕೂಡುವಾಗ ಒಂದು ಹೆಚ್ಚಾಗಿಯೋ ಕಡಿಮೆಯಾಗಿಯೋ ಸೇರಿಕೊಂಡರೆ ಆ ಭ್ರೂಣ ಸಾಮಾನ್ಯವಾಗಿ ಬೆಳೆಯಲಾರದು. ಕೊಡ ಹೊತ್ತದ್ದು, ಬಸ್ಸಿನಲ್ಲಿ ಓಡಾಡಿದ್ದು, ಪರಂಗಿ ಹಣ್ಣಿನ ಒಂದು ಹೋಳು ತಿಂದದ್ದು, ಇವು ಯಾವುವೂ ಇದಕ್ಕೆ ಕಾರಣವಲ್ಲ. ಆ ಗರ್ಭ ಉಳಿಯುವುದಿಲ್ಲವೆಂಬುದು ಕೊಡ ಹೊರುವುದಕ್ಕೆ ಎಷ್ಟೋ ದಿನ ಮೊದಲೇ ನಿರ್ಧಾರವಾಗಿರುತ್ತದೆ.

ವಯಸ್ಸು ಏರಿದಂತೆ ಈ ತಪ್ಪು ಹೆಚ್ಚುತ್ತದೆ. ಡೆನ್ಮಾರ್ಕ್ ದೇಶದ ಲಕ್ಷಾಂತರ ಗರ್ಭಗಳ ದಾಖಲೆಯನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 20ರಿಂದ 24 ವರ್ಷದವರಲ್ಲಿ ಗರ್ಭಪಾತದ ಪ್ರಮಾಣ ಶೇ 11. 35ರಿಂದ 39ರವರೆಗೆ ಶೇ 25. 40 ದಾಟಿದ ಮೇಲೆ ಅರ್ಧಕ್ಕರ್ಧ. ಆದ್ದರಿಂದ 24ರ ಹುಡುಗಿಗೂ 38ರ ಗೃಹಿಣಿಗೂ ಒಂದೇ ಸಲಹೆ ಕೊಡುವ ವೈದ್ಯರನ್ನು ಸ್ವಲ್ಪ ಎಚ್ಚರಿಕೆಯಿಂದಲೇ ನೋಡಬೇಕು.

ಒಂದು ಸಲ ಹೋದರೆ ದೊಡ್ಡ ಪರೀಕ್ಷೆಗಳ ಅಗತ್ಯವಿಲ್ಲ. ಪದೇ ಪದೇ ಎಂದರೆ ಎಷ್ಟು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು ಮೂರು ಎನ್ನುತ್ತದೆ. ಯುರೋಪಿನ ಸಂತಾನ ವೈದ್ಯರ ಸಂಘ 2017ರಿಂದ ಎರಡು ಎನ್ನುತ್ತಿದೆ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಮಾಲೆ ನಡುದಾರಿ ತೋರಿಸಿತು. ಒಂದು ಸಲ ಹೋದ ಮೇಲೆ ತಿಳಿವಳಿಕೆ ಮತ್ತು ಆರೋಗ್ಯ ಸುಧಾರಣೆ, ಎರಡರ ನಂತರ ಕೆಲವು ಪ್ರಾಥಮಿಕ ಪರೀಕ್ಷೆ, ಮೂರರ ನಂತರ ಪೂರ್ಣ ತಪಾಸಣೆ. ನಮ್ಮಲ್ಲಿ ಹಣವೂ ವೈದ್ಯರೂ ಕಡಿಮೆಯಿರುವುದರಿಂದ ನಮಗೂ ಇದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. 35 ದಾಟಿದವರು ಮಾತ್ರ ಮೂರನೆಯದಕ್ಕಾಗಿ ಕಾಯದೆ ಎರಡರ ನಂತರವೇ ಪೂರ್ಣ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ನಿಜವಾಗಿ ಬೇಕಾದದ್ದು

ಪರೀಕ್ಷೆಗಳಲ್ಲೆಲ್ಲ ಬಹು ಮುಖ್ಯವಾದದ್ದು, ಆದರೂ ನಮ್ಮಲ್ಲಿ ಅರ್ಧಂಬರ್ಧ ನಡೆಯುವುದು, ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ ರಕ್ತಪರೀಕ್ಷೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಕೆಲವರಲ್ಲಿ ಸ್ವಂತ ದೇಹದ ಅಂಶಗಳ ಮೇಲೇ ತಿರುಗಿಬೀಳುತ್ತವೆ. ಬೆಳೆಯುತ್ತಿರುವ ಮಾಸಿಗೆ, ಅಂದರೆ ಹೆರಿಗೆಯ ನಂತರ ‘ಕಸ’ ಎಂದು ಹೊರಬೀಳುವ ಭಾಗಕ್ಕೆ, ಇವು ಧಕ್ಕೆ ಮಾಡುತ್ತವೆ. ರಕ್ತ ಹೆಪ್ಪುಗಟ್ಟುವ ಸಂಭವವನ್ನೂ ಹೆಚ್ಚಿಸುತ್ತವೆ. ಇದರಲ್ಲಿ ಮೂರು ಪರೀಕ್ಷೆಗಳಿವೆ: ಲೂಪಸ್ ಆಂಟಿಕೊಯಾಗ್ಯುಲಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್. ಮೂರನ್ನೂ ಮಾಡಿಸಬೇಕು. ದೋಷ ಕಂಡುಬಂದರೆ 12 ವಾರಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಒಂದು ನೆಗಡಿ, ಜ್ವರ ಬಂದು ಹೋದಾಗಲೂ ಇವು ತಾತ್ಕಾಲಿಕವಾಗಿ ಏರುವುದುಂಟು. ಒಂದೇ ವರದಿ ನೋಡಿ ‘ನಿಮ್ಮ ರಕ್ತ ಗಟ್ಟಿ’ ಎಂದು ಹೇಳಿಸಿಕೊಂಡು, ಆಯುಷ್ಯವಿಡೀ ಆ ಹಣೆಪಟ್ಟಿ ಹೊತ್ತು ತಿರುಗುವವರಿದ್ದಾರೆ. ಹೆಪಾರಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವಾಗ ಲೂಪಸ್ ಪರೀಕ್ಷೆ ಮಾಡಿಸಿದರೆ ಫಲಿತಾಂಶ ತಪ್ಪಾಗಿ ಬರಬಹುದು ಎಂಬುದೂ ನೆನಪಿರಲಿ.

ಇದು ಏಕೆ ಮುಖ್ಯವೆಂದರೆ, ಇದಕ್ಕೆ ಚಿಕಿತ್ಸೆಯಿದೆ. 1997ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯರು ಈ ದೋಷವಿದ್ದ 90 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇ 42 ಮಂದಿಗೆ ಮಗು ಉಳಿಯಿತು. ಆಸ್ಪಿರಿನ್ ಜೊತೆಗೆ ಹೆಪಾರಿನ್ ಪಡೆದವರಲ್ಲಿ ಶೇ 71 ಮಂದಿಗೆ ಉಳಿಯಿತು. ಆಸ್ಪಿರಿನ್ ಮಾತ್ರೆ ತೀರ ಅಗ್ಗ. ಹೆಪಾರಿನ್ ಹಾಗಲ್ಲ. ಬಸಿರು ಖಚಿತವಾದಂದಿನಿಂದ ಹೆರಿಗೆಯ ಹತ್ತಿರದವರೆಗೆ ದಿನಕ್ಕೊಂದು ಚುಚ್ಚುಮದ್ದು ಎಂದರೆ 200ಕ್ಕೂ ಹೆಚ್ಚಾಗುತ್ತದೆ. ಸರ್ಕಾರಿಯೋ ಖಾಸಗಿಯೋ ಎಂಬ ಪ್ರಶ್ನೆ ಮನೆಯ ಲೆಕ್ಕವನ್ನು ನಿಜಕ್ಕೂ ತಟ್ಟುವುದು ಇಲ್ಲಿ.

ಎರಡನೆಯದು ಗರ್ಭಕೋಶದ ಆಕಾರ. ಕೆಲವರಿಗೆ ಹುಟ್ಟಿನಿಂದಲೇ ಗರ್ಭಕೋಶದ ಒಳಗೆ ಅಡ್ಡಗೋಡೆಯಂಥ ಪೊರೆಯಿರುತ್ತದೆ. ಒಳ್ಳೆಯ ಸ್ಕ್ಯಾನಿಂಗ್‌ನಲ್ಲಿ, ಅದರಲ್ಲೂ ಮೂರು ಆಯಾಮದ ಸ್ಕ್ಯಾನಿಂಗ್‌ನಲ್ಲಿ, ಇದು ಕಾಣಿಸುತ್ತದೆ. ಆದರೆ ಕಂಡ ಪೊರೆಯನ್ನೆಲ್ಲ ಕತ್ತರಿಸಬೇಕೆಂದಿಲ್ಲ. ಕತ್ತರಿಸುವುದರಿಂದ ಮಗು ಉಳಿಯುವುದು ಹೆಚ್ಚುತ್ತದೆಯೇ ಎಂಬುದರ ಬಗ್ಗೆ ಇನ್ನೂ ವಾದವಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ.

ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥವು. ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತವೆ.

ಇನ್ನುಳಿದದ್ದು ವರ್ಣತಂತು ಪರೀಕ್ಷೆ. ನೂರರಲ್ಲಿ ಎರಡರಿಂದ ಐದು ದಂಪತಿಗಳಲ್ಲಿ ಗಂಡ ಅಥವಾ ಹೆಂಡತಿಯ ವರ್ಣತಂತುಗಳಲ್ಲಿ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅವರು ಆರೋಗ್ಯವಾಗಿಯೇ ಇರುತ್ತಾರೆ. ಗರ್ಭ ಮಾತ್ರ ಮತ್ತೆ ಮತ್ತೆ ಹೋಗುತ್ತದೆ. ಗಮನಿಸಿ: ಗಂಡನಲ್ಲೂ ಇರಬಹುದು. ಸೊಸೆಯನ್ನು ದೂರುವ ಮನೆಗಳಲ್ಲಿ ಈ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ ಹೇಳಿದರೆ ಒಳ್ಳೆಯದು. ಮೂರನೆಯ ಸಲ ಗರ್ಭ ಹೋದಾಗ ಹೊರಬಂದ ಅಂಗಾಂಶವನ್ನೇ ಪರೀಕ್ಷೆಗೆ ಕಳಿಸಿದರೆ ಇನ್ನೂ ಉತ್ತಮ. ಅದರಲ್ಲಿ ದೋಷ ಕಂಡರೆ ಆ ಸಲದ ಕಾರಣ ತಿಳಿದಂತಾಯಿತು. ಆದರೆ ಅದನ್ನು ಫಾರ್ಮಲಿನ್‌ನಲ್ಲಿ ಹಾಕಿದರೆ ಜೀವಕೋಶಗಳು ಸಾಯುತ್ತವೆ; ಅವನ್ನು ಬೆಳೆಸಿ ವರ್ಣತಂತು ಎಣಿಸಲು ಬರುವುದಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲೇ ಹೇಳದಿದ್ದರೆ ಅಂಗಾಂಶ ಕಸದ ಡಬ್ಬಿಗೋ ಫಾರ್ಮಲಿನ್ ಬಾಟಲಿಗೋ ಹೋಗುವುದೇ ಹೆಚ್ಚು. ಪರೀಕ್ಷೆಗೆ ಕಳಿಸುವುದಾದರೆ ಲ್ಯಾಬಿನವರನ್ನು ಮೊದಲೇ ಕೇಳಿ, ಅವರು ಹೇಳಿದ ದ್ರವದಲ್ಲೇ ಕಳಿಸಬೇಕು.

ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದವರು ‘ರಕ್ತಸಂಬಂಧದಿಂದಲೇ ಹೀಗಾಗುತ್ತಿದೆ’ ಎಂದು ಕೊರಗುವುದುಂಟು. ರಕ್ತಸಂಬಂಧದ ಮದುವೆಯಿಂದ ಹುಟ್ಟುವ ಮಗುವಿಗೆ ಕೆಲವು ವಂಶವಾಹಿ ರೋಗಗಳ ಭಯ ಹೆಚ್ಚು, ಅದು ನಿಜ. ಆದರೆ ಪದೇ ಪದೇ ಗರ್ಭಪಾತಕ್ಕೆ ಅದೇ ದೊಡ್ಡ ಕಾರಣವೆಂದು ಸಾಬೀತಾಗಿಲ್ಲ. ಬೇರೆ ಕಾರಣ ಹುಡುಕುವುದನ್ನು ಬಿಡಬೇಡಿ.

ನಾಲ್ಕು ತಿಂಗಳು ದಾಟಿದ ಮೇಲೆ, ಹೆಚ್ಚು ನೋವಿಲ್ಲದೆ, ನೀರು ಒಡೆದು ಗರ್ಭ ಹೋಗುತ್ತಿದ್ದರೆ ಅದರ ಕಥೆ ಬೇರೆ. ಗರ್ಭಕಂಠ ದುರ್ಬಲವಾಗಿ ಮುಂಚೆಯೇ ತೆರೆದುಕೊಳ್ಳುತ್ತಿರಬಹುದು. ಅದಕ್ಕೆ ಹಾಕುವ ಹೊಲಿಗೆಗೆ ಜಗತ್ತಿನಾದ್ಯಂತ ಶಿರೋಡ್ಕರ್ ಹೊಲಿಗೆ ಎಂಬ ಹೆಸರಿದೆ. ಗೋವೆಯ ಶಿರೋಡಾ ಗ್ರಾಮದಲ್ಲಿ ಹುಟ್ಟಿ, ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮತ್ತು ಜೆ.ಜೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ 1955ರಲ್ಲಿ ಇದನ್ನು ಪ್ರಕಟಿಸಿದರು. ಎರಡು ವರ್ಷದ ನಂತರ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇನ್ನಷ್ಟು ಸರಳವಾದ ಹೊಲಿಗೆ ತಂದರು. ಈಗ ಹೆಚ್ಚಾಗಿ ಹಾಕುವುದು ಅದನ್ನೇ. ಸರ್ಕಾರಿ ಆಸ್ಪತ್ರೆಯಲ್ಲಿ ಏನೂ ಆಗುವುದಿಲ್ಲ ಎನ್ನುವವರು, ಇಡೀ ಪ್ರಪಂಚ ಬಳಸುವ ಚಿಕಿತ್ಸೆಯೊಂದು ನಮ್ಮ ಸರ್ಕಾರಿ ಆಸ್ಪತ್ರೆಯ ಪ್ರಾಧ್ಯಾಪಕರೊಬ್ಬರಿಂದ ಬಂತೆಂಬುದನ್ನು ತಿಳಿದಿರಲಿ. ಈ ಹೊಲಿಗೆಗಾಗಿ ಯಾರೂ ಸಾಲ ಮಾಡಬೇಕಾಗಿಲ್ಲ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಇದು ಮಾಮೂಲಿ ಕೆಲಸ.

ಹಣ ಪೋಲಾಗುವ ಜಾಗಗಳು

ನಮ್ಮ ಊರುಗಳಲ್ಲಿ ಗರ್ಭಪಾತವಾದ ಹೆಣ್ಣುಮಗಳ ಚೀಟಿಯಲ್ಲಿ ಮೊದಲು ಬರೆಯುವ ಪರೀಕ್ಷೆ ‘ಟಾರ್ಚ್’. ಕೆಲವು ಸೋಂಕುಗಳ ಗುರುತನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಇದು. ಒಂದು ಸೋಂಕು ಹಿಂದೆಂದೋ ಬಂದು ಹೋಗಿದ್ದರೂ ಪ್ರತಿಕಾಯ ರಕ್ತದಲ್ಲಿ ಉಳಿದಿರುತ್ತದೆ, ವರದಿ ‘ಪಾಸಿಟಿವ್’ ಎಂದು ಬರುತ್ತದೆ, ತಿಂಗಳುಗಟ್ಟಲೆ ಮಾತ್ರೆ ಶುರುವಾಗುತ್ತದೆ. ಈ ಸೋಂಕುಗಳು ಮತ್ತೆ ಮತ್ತೆ ಗರ್ಭಪಾತ ಮಾಡಿಸುವುದಿಲ್ಲ. ಈ ಕಾರಣಕ್ಕಾಗಿ ಟಾರ್ಚ್ ಪರೀಕ್ಷೆಯನ್ನು ಕೈಬಿಡಬೇಕೆಂದು ಬ್ರಿಟನ್ನಿನ ಕಾಲೇಜು 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸಿಫಿಲಿಸ್ ಪರೀಕ್ಷೆಯ ಮಾತು ಬೇರೆ. ಅದು ತುಂಬಿದ ಬಸಿರನ್ನೂ ಕೆಡಿಸಬಲ್ಲ ರೋಗ. ಅದಕ್ಕೆ ಔಷಧವಿದೆ, ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಎರಡನೆಯದು ‘ಗಂಡನ ರಕ್ತದ ಬಿಳಿ ಕಣ’ಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆ. ಕೇಳಲು ಬಹಳ ಆಕರ್ಷಕವಾಗಿದೆ: ಹೆಂಡತಿಯ ದೇಹ ಗಂಡನ ಅಂಶವನ್ನು ತಿರಸ್ಕರಿಸುತ್ತಿದೆ, ಒಗ್ಗಿಸಬೇಕು ಎಂಬ ವಾದ. 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಶೇ 36 ಮಂದಿಗೆ ಗರ್ಭ ಉಳಿಯಿತು, ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿ ಶೇ 48 ಮಂದಿಗೆ! 2002ರಿಂದ ಅಮೆರಿಕದ ಔಷಧ ನಿಯಂತ್ರಕರು ಸಂಶೋಧನೆಯ ಹೊರತು ಇದನ್ನು ಮಾಡಕೂಡದೆಂದಿದ್ದಾರೆ. ಆದರೂ ಯಾರಾದರೂ ಸೂಚಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎನ್.ಕೆ. ಜೀವಕೋಶ, ಎಚ್.ಎಲ್.ಎ. ಹೊಂದಾಣಿಕೆ, ಎಂ.ಟಿ.ಎಚ್.ಎಫ್.ಆರ್. ವಂಶವಾಹಿ, ಇಂಟ್ರಾಲಿಪಿಡ್ ಡ್ರಿಪ್ ಇವೂ ಇದೇ ಜಾತಿಗೆ ಸೇರಿದವು.

ಹೆಪಾರಿನ್ ಬಗ್ಗೆ ಹಿಂದೆ ಒಳ್ಳೆಯ ಮಾತು ಹೇಳಿದೆ. ಅದು ಆ ಒಂದು ದೋಷಕ್ಕೆ. ಕಾರಣ ಕಾಣದವರಿಗೆ ಆಸ್ಪಿರಿನ್, ಹೆಪಾರಿನ್‌ಗಳಿಂದ ಉಪಯೋಗವಿಲ್ಲವೆಂದು 2010ರಲ್ಲಿ ನೆದರ್‌ಲ್ಯಾಂಡಿನ ಪ್ರಯೋಗ ತೋರಿಸಿತು. ರಕ್ತ ಹೆಪ್ಪುಗಟ್ಟುವ ಗುಣ ವಂಶದಲ್ಲೇ ಇರುವ ಮಹಿಳೆಯರ ಮೇಲೆ ನಡೆದ ಮತ್ತೊಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹೆಪಾರಿನ್ ಪಡೆದವರಲ್ಲಿ ಶೇ 72, ಪಡೆಯದವರಲ್ಲಿ ಶೇ 71 ಮಂದಿಗೆ ಮಗುವಾಯಿತು. 200 ಸಲ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಗಳಿಸಿದ್ದು ಶೇ 1. ಅದೂ ಆಕಸ್ಮಿಕವೇ.

ಪ್ರೊಜೆಸ್ಟರೋನ್ ಹಾರ್ಮೋನಿನ ವಿಷಯದಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕು. ಕಾರಣವಿಲ್ಲದೆ ಗರ್ಭಪಾತವಾಗುತ್ತಿದ್ದ 836 ಮಹಿಳೆಯರ ಮೇಲೆ ಬ್ರಿಟನ್ ಮತ್ತು ನೆದರ್‌ಲ್ಯಾಂಡಿನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ಬಸುರಿನ ಮೊದಲ ವಾರಗಳಲ್ಲಿ ರಕ್ತ ಕಾಣಿಸಿಕೊಂಡ 4153 ಮಹಿಳೆಯರ ಮೇಲಿನ 2019ರ ಪ್ರಯೋಗದಲ್ಲಿ, ಹಿಂದೆ ಮೂರು ಅಥವಾ ಹೆಚ್ಚು ಸಲ ಗರ್ಭ ಹೋಗಿದ್ದವರಿಗೆ ಶೇ 57ರ ಬದಲು ಶೇ 72 ಮಂದಿಗೆ ಮಗು ದಕ್ಕಿತು. ಅಂದರೆ ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತ ಕಾಣಿಸಿಕೊಂಡವರಿಗೆ ಈ ಔಷಧವನ್ನು ಕೊಡಬೇಕು. ಬ್ರಿಟನ್ನಿನಲ್ಲಿ 2021ರಿಂದ ಇದೇ ಪದ್ಧತಿ.

ಹಾಸಿಗೆ ಬಿಟ್ಟು ಏಳಬಾರದು ಎಂಬ ಕಟ್ಟಪ್ಪಣೆಯಿಂದ ಗರ್ಭ ಉಳಿಯುತ್ತದೆಂಬುದಕ್ಕೂ ಆಧಾರವಿಲ್ಲ. ಮನೆಗೆಲಸದಲ್ಲಿ ನಾಲ್ಕು ದಿನ ವಿರಾಮ ಸಿಗುತ್ತದೆಂದರೆ ಬೇಡವೆನ್ನಲು ನಾನು ಯಾರು! ಆದರೆ ಕಾಲು ಕೆಳಗಿಡದೆ ತಿಂಗಳುಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೇ ಹೆಚ್ಚು.

ಸರ್ಕಾರಿ ವ್ಯವಸ್ಥೆಯ ಬಲ, ಅದರ ಬಿರುಕು

ಬೆಂಗಳೂರಿನಲ್ಲಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್, ಹುಬ್ಬಳ್ಳಿಯ ಜನ ಇಂದಿಗೂ ಕಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಇಂಥ ಕಡೆ ದಿನವೂ ನಡೆಯುವ ಹೆರಿಗೆಗಳ ಸಂಖ್ಯೆ ಯಾವ ನರ್ಸಿಂಗ್ ಹೋಮಿನಲ್ಲೂ ಕಾಣಸಿಗದು. ಕಷ್ಟದ ಹೆರಿಗೆ, ರಕ್ತಸ್ರಾವ, ತಿಂಗಳು ತುಂಬದ ಮಗು, ಇವುಗಳಲ್ಲಿ ಅಲ್ಲಿನವರ ಕೈ ಪಳಗಿರುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಗರ್ಭಿಣಿಗೆ ಹೆರಿಗೆ, ಔಷಧ, ರಕ್ತ, ಪರೀಕ್ಷೆ ಎಲ್ಲ ಉಚಿತ.

ಆದರೆ ಈ ವ್ಯವಸ್ಥೆಯನ್ನು ಕಟ್ಟಿರುವುದು ಹೆರಿಗೆಯ ಸುತ್ತ. ತಾಯಿ ಕಾರ್ಡ್ ಸಿಗುವುದು ಬಸಿರಾದ ಮೇಲೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುವುದೂ ಆಗಲೇ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ, ಆದರೆ ಅದು ಮೂರು ತಿಂಗಳು ದಾಟಿದ ಗರ್ಭಿಣಿಯರಿಗೆ. ಎಂಟನೆಯ ವಾರಕ್ಕೇ ಗರ್ಭ ಹೋಗುವ ಹೆಣ್ಣುಮಗಳು ಆ 9ನೇ ತಾರೀಕಿನವರೆಗೆ ತಲುಪುವುದೇ ಇಲ್ಲ. ಅವಳಿಗೆ ಪರೀಕ್ಷೆ ಬೇಕಾಗಿರುವುದು ಎರಡು ಬಸಿರುಗಳ ನಡುವೆ, ಅವಳು ಯಾರ ಪಟ್ಟಿಯಲ್ಲೂ ಇಲ್ಲದ ಹೊತ್ತಿನಲ್ಲಿ. ಸರ್ಕಾರಿ ಆಸ್ಪತ್ರೆಯ ನಿಜವಾದ ಕೊರತೆ ಇದು, ವೈದ್ಯರ ಯೋಗ್ಯತೆಯದಲ್ಲ. ‘ಗರ್ಭ ಹೋಯಿತು, ಕ್ಲೀನ್ ಮಾಡಿದೆವು, ಮೂರು ತಿಂಗಳು ಬಿಟ್ಟು ಪ್ರಯತ್ನಿಸಿ’ ಎಂದು ಕಳಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ನೀವಾಗಿಯೇ ಕೇಳಬೇಕು. ‘ಇದು ಮೂರನೆಯದು, ಕಾರಣ ಪತ್ತೆಗೆ ಯಾವ ದಿನ ಬರಲಿ?’ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಉಪಾಯ. ಕಾಲೇಜು ಆಸ್ಪತ್ರೆಗಳಲ್ಲಿ ವೈದ್ಯರು ಯೂನಿಟ್‌ಗಳಾಗಿ ಕೆಲಸ ಮಾಡುತ್ತಾರೆ; ಒಂದೊಂದು ಯೂನಿಟ್‌ಗೂ ಹೊರರೋಗಿಗಳನ್ನು ನೋಡುವ ಗೊತ್ತಾದ ವಾರವಿರುತ್ತದೆ. ಬಿಡುವಾದ ದಿನ ಹೋದರೆ ಪ್ರತಿಸಲ ಹೊಸ ಮುಖ, ಹೊಸ ಪ್ರಶ್ನೆ, ಅದೇ ಪರೀಕ್ಷೆ. ಮೊದಲ ಸಲ ನೋಡಿದ ಯೂನಿಟ್ ಯಾವುದೆಂದು ಚೀಟಿಯಲ್ಲಿ ನೋಡಿಕೊಂಡು, ಮುಂದೆಯೂ ಅದೇ ವಾರ ಹೋಗಿ. ಬೆಳಿಗ್ಗೆ ಬೇಗ ಹೋಗಬೇಕಾಗುತ್ತದೆ, ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆ ದಿನದ ಕೂಲಿ ಹೋಗುವವರಿಗೆ ಉಚಿತ ಎಂಬುದು ಪೂರ್ತಿ ಉಚಿತವಲ್ಲ ಎಂಬುದನ್ನೂ ಒಪ್ಪಬೇಕು.

ಖಾಸಗಿಯಲ್ಲಿ ಕೊಳ್ಳಬೇಕಾದದ್ದು ಏನು?

ಖಾಸಗಿ ಆಸ್ಪತ್ರೆಯ ದೊಡ್ಡ ಲಾಭ ಯಂತ್ರವಲ್ಲ, ಒಬ್ಬರೇ ವೈದ್ಯರು. ನಿಮ್ಮ ಹಿಂದಿನ ಕಥೆ ಗೊತ್ತಿರುವ, ರಕ್ತ ಕಾಣಿಸಿದ ದಿನ ಫೋನ್ ಮಾಡಿದರೆ ‘ಬನ್ನಿ, ನೋಡೋಣ’ ಎನ್ನುವ ವೈದ್ಯರು. ಇದನ್ನು ಹಗುರವಾಗಿ ಕಾಣಬೇಡಿ. ಲಂಡನ್ನಿನ ಇಂಥದೊಂದು ಕ್ಲಿನಿಕ್ಕಿನ 1997ರ ವರದಿಯಲ್ಲಿ, ಕಾರಣ ಕಾಣದ ಮಹಿಳೆಯರು ಬಸುರಿನ ಆರಂಭದ ವಾರಗಳಲ್ಲಿ ನಿಯಮಿತವಾಗಿ ಬಂದು ತೋರಿಸಿಕೊಂಡಾಗ ಶೇ 26 ಮಂದಿಗೆ ಗರ್ಭಪಾತವಾಯಿತು. ಬಾರದವರಲ್ಲಿ ಶೇ 51. ಈ ಅಧ್ಯಯನ ಕಟ್ಟುನಿಟ್ಟಿನ ಪ್ರಯೋಗವಲ್ಲ, ಬಂದವರೂ ಬಾರದವರೂ ಬೇರೆ ಬೇರೆ ರೀತಿಯವರಿರಬಹುದು. ಆದರೂ ಆರು-ಏಳನೆಯ ವಾರದಲ್ಲಿ ಒಂದು ಸ್ಕ್ಯಾನಿಂಗ್, ಎರಡು ವಾರ ಬಿಟ್ಟು ಮತ್ತೊಂದು, ಪರದೆಯ ಮೇಲೆ ಮಿಣಮಿಣ ಮಿಡಿಯುವ ಹೃದಯವನ್ನು ಗಂಡ ಹೆಂಡತಿ ಇಬ್ಬರೂ ನೋಡುವುದು, ಇದರಿಂದ ಆಗುವ ಸಮಾಧಾನವನ್ನು ಯಾವ ಟಾನಿಕ್ಕೂ ಕೊಡಲಾರದು. ತಾಲ್ಲೂಕು ಆಸ್ಪತ್ರೆಯ ಗಲಾಟೆಯಲ್ಲಿ ಇದು ಸಿಗುವುದು ಕಷ್ಟ. ಪಕ್ಕದ ಬೀದಿಯ ನರ್ಸಿಂಗ್ ಹೋಮಿನಲ್ಲಿ ಸಿಗಬಹುದು. ಕೊಳ್ಳಲು ಯೋಗ್ಯವಾದ ವಸ್ತು ಇದು.

ಕಾರಣ ಕಾಣದಿದ್ದರೆ ಹೆದರಬೇಡಿ. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ, ಆದರೆ ಇವರದೇ ಭವಿಷ್ಯ ಒಳ್ಳೆಯದು. ವಯಸ್ಸು ತೀರ ಹೆಚ್ಚಿರದಿದ್ದರೆ ಇವರಲ್ಲಿ ಮೂರರಲ್ಲಿ ಇಬ್ಬರಿಗೆ, ಯಾವ ವಿಶೇಷ ಔಷಧವಿಲ್ಲದೆ, ಮುಂದಿನ ಬಸಿರು ನಿಲ್ಲುತ್ತದೆ. 2015ರ ಪ್ರಯೋಗದಲ್ಲಿ ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲೂ ಶೇ 63 ಮಂದಿಗೆ ಮಗುವಾಯಿತು. ಇದರ ಇನ್ನೊಂದು ಮುಖವೂ ಇದೆ. ಯಾವ ಚಿಕಿತ್ಸೆ ಮಾಡಿದರೂ ಮೂವರಲ್ಲಿ ಇಬ್ಬರು ತೊಟ್ಟಿಲು ಕಟ್ಟುವುದರಿಂದ, ಕೊನೆಗೆ ಕೈಹಿಡಿದ ವೈದ್ಯರಿಗೆ, ಕೊನೆಗೆ ಹೋದ ದೇವಸ್ಥಾನಕ್ಕೆ, ಕೊನೆಗೆ ಕುಡಿದ ಕಷಾಯಕ್ಕೆ ಕೀರ್ತಿ ಬರುತ್ತದೆ. ‘ನಮ್ಮ ನಾದಿನಿಗೆ ಅಲ್ಲಿ ಆಯಿತು’ ಎಂಬ ಮಾತನ್ನು ಈ ಲೆಕ್ಕದಲ್ಲಿ ತೂಗಿ ನೋಡಿ.

ಖಾಸಗಿಯಲ್ಲೂ ಬಗೆಗಳಿವೆ. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರಬಾ ಮುಂತಾದ ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಪ್ರಸೂತಿ, ರಕ್ತ, ಹಾರ್ಮೋನು ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಕ್ಲಿಷ್ಟ ಪ್ರಕರಣಕ್ಕೆ ಇವು ಒಳ್ಳೆಯ ನಡುದಾರಿ. ಸಂತಾನ ಕೇಂದ್ರಗಳಿಗೆ ಹೋಗುವವರು ಒಂದನ್ನು ನೆನಪಿಡಬೇಕು: ನಿಮಗೆ ಬಸಿರು ನಿಲ್ಲುತ್ತಿದೆ, ಉಳಿಯುತ್ತಿಲ್ಲ. ಪ್ರನಾಳ ಶಿಶು ವಿಧಾನ ಮುಖ್ಯವಾಗಿ ಬಸಿರೇ ನಿಲ್ಲದವರಿಗೆ. ಕಾರಣ ಕಾಣದ ಗರ್ಭಪಾತಕ್ಕೆ ಅದರಿಂದ ಮಗು ಉಳಿಯುವುದು ಹೆಚ್ಚುತ್ತದೆಂದು ಸಾಬೀತಾಗಿಲ್ಲ.

ಎಲ್ಲಿ ಹೋದರೂ ವೈದ್ಯರಿಗೆ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಿ: ‘ಡಾಕ್ಟ್ರೇ, ಈ ಪರೀಕ್ಷೆಯ ಫಲಿತಾಂಶ ಹೀಗೆ ಬಂದರೆ ಒಂದು ಚಿಕಿತ್ಸೆ, ಹಾಗೆ ಬಂದರೆ ಬೇರೆ ಚಿಕಿತ್ಸೆ ಎಂದಿದೆಯೇ?’ ಇಲ್ಲವೆಂದಾದರೆ ಆ ಪರೀಕ್ಷೆ ಬೇಡ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಎರಡನ್ನೂ ಬೆರೆಸಿ

ಸಾಧಾರಣ ಆದಾಯದ ಕುಟುಂಬಕ್ಕೆ ನನಗೆ ತೋಚುವ ದಾರಿ ಹೀಗಿದೆ. ಥೈರಾಯ್ಡ್, ಸಕ್ಕರೆ, ಸ್ಕ್ಯಾನಿಂಗ್ ಸರ್ಕಾರಿ ಆಸ್ಪತ್ರೆಯಲ್ಲಿ. ಪ್ರತಿಕಾಯದ ಮೂರು ಪರೀಕ್ಷೆ ಎಲ್ಲ ಜಿಲ್ಲೆಗಳಲ್ಲೂ ಇರುವುದಿಲ್ಲ. ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವಾದರೆ ಆ ಮೂರಕ್ಕೆ ಮಾತ್ರ ಹೊರಗಿನ ಒಳ್ಳೆಯ ಲ್ಯಾಬಿಗೆ ಹಣ ಕೊಡಿ. ‘ಪ್ಯಾಕೇಜ್’ ತೆಗೆದುಕೊಳ್ಳಬೇಡಿ. ವರ್ಣತಂತು ಪರೀಕ್ಷೆಗೂ ಹೀಗೆಯೇ. ಮೊದಲ ಮೂರು ತಿಂಗಳು ಹತ್ತಿರದ, ಮಾತಾಡಿಸುವ ವೈದ್ಯರೊಬ್ಬರು ಖಾಸಗಿಯಲ್ಲಿದ್ದರೆ ಅವರಲ್ಲಿ; ಹೆರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ. ಹೀಗೆ ಮಾಡುವುದಾದರೆ ಮೊದಲಿನಿಂದಲೇ ತಾಯಿ ಕಾರ್ಡ್ ಮಾಡಿಸಿ, ಅದರಲ್ಲಿ ಹಿಂದಿನ ಗರ್ಭಪಾತಗಳನ್ನು ತಿಂಗಳ ಸಮೇತ ಬರೆಸಿರಬೇಕು. ಹೆಪಾರಿನ್ ಬೇಕಾದವರು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದೇ ಎಂದು ಬಸಿರಾಗುವ ಮೊದಲೇ ಕೇಳಿಡಿ. ಎನಾಕ್ಸಪ್ಯಾರಿನ್ ಎಂಬ ಬಗೆ ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದರ ಬೆಲೆಗೆ ಮಿತಿ ಇದೆ. ಅಂಗಡಿಯಿಂದ ಅಂಗಡಿಗೆ ವಿಚಾರಿಸಿ ಕೊಂಡರೆ 200 ಸೂಜಿಗಳ ಲೆಕ್ಕದಲ್ಲಿ ಉಳಿತಾಯ ಕಡಿಮೆಯೇನಲ್ಲ.

ವಿಮೆಯಿದೆ ಎಂದು ಧೈರ್ಯದಿಂದ ಇರುವವರು ಪಾಲಿಸಿಯ ಸಣ್ಣ ಅಕ್ಷರ ಓದಿ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತದಿಂದಲ್ಲದ ಗರ್ಭಪಾತದ ಖರ್ಚು ಹೊರಗಿಡುವ ಷರತ್ತು ಇರುತ್ತದೆ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎನ್ನುತ್ತದೆ, ಆದರೆ ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರಗೆ ಮಾಡಿಸುವ ರಕ್ತಪರೀಕ್ಷೆಗಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು ಮರೆಯುವ ಒಂದು ಬಾಗಿಲು ಇಎಸ್‌ಐ. ಅಲ್ಲಿ ಹೊರರೋಗಿ ಚಿಕಿತ್ಸೆಯೂ ಪರೀಕ್ಷೆಯೂ ಸೇರಿದೆ.

ಗರ್ಭ ಹೋದಾಗ ಸ್ವಚ್ಛಗೊಳಿಸಬೇಕಾಗಿ ಬಂದರೆ, ಕೆರೆದು ತೆಗೆಯುವ ಹಳೆಯ ‘ಡಿ ಅಂಡ್ ಸಿ’ ಬದಲು ಹೀರಿ ತೆಗೆಯುವ ವಿಧಾನವಿದೆಯೇ, ಮಾತ್ರೆ ಸಾಕೇ ಎಂದು ಕೇಳಿ. ಮತ್ತೆ ಮತ್ತೆ ಕೆರೆದರೆ ಗರ್ಭಕೋಶದ ಒಳಪದರದಲ್ಲಿ ಕಲೆಗಟ್ಟಿ ಅದೇ ಮುಂದೊಂದು ತೊಂದರೆಯಾಗಬಹುದು. ಒಂದು ಕಡೆ ಹೊಟ್ಟೆ ವಿಪರೀತ ನೋಯುವುದು, ತಲೆ ಸುತ್ತಿ ಬೀಳುವುದು, ಗಂಟೆಗೆರಡು ಬಟ್ಟೆ ನೆನೆಯುವಷ್ಟು ರಕ್ತ, ಚಳಿಜ್ವರ, ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ-ಖಾಸಗಿ ಎಂಬ ಚರ್ಚೆ ಬೇಡ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಗರ್ಭ ನಾಳದಲ್ಲೇ ನಿಂತು ಒಡೆದಿದ್ದರೆ ಪ್ರಾಣಕ್ಕೇ ಅಪಾಯ.

ಬಿಡುಗಡೆಯಾಗಿ ಬರುವಾಗ ಎಲ್ಲ ಕಾಗದಗಳನ್ನೂ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಲ್ಲಿದೆ. ಎಷ್ಟನೆಯ ವಾರ, ಹೃದಯ ಬಡಿತ ಕಂಡಿತ್ತೇ ಇಲ್ಲವೇ, ಅಂಗಾಂಶ ಪರೀಕ್ಷೆಗೆ ಹೋಯಿತೇ ಎಂಬ ಮೂರು ವಿವರ ಅದರಲ್ಲಿ ಇರಲೇಬೇಕು. ಮುಂದಿನ ವೈದ್ಯರು ಮೊದಲು ನೋಡುವುದು ಅದನ್ನೇ. ಕೆಲಸಕ್ಕೆ ಹೋಗುವ ಮಹಿಳೆಯರಿಗೆ ಅದೇ ಕಾಗದದಿಂದ ಇನ್ನೊಂದು ಉಪಯೋಗವಿದೆ. ಗರ್ಭಪಾತವಾದರೆ 6 ವಾರ ಸಂಬಳ ಸಹಿತ ರಜೆ ಎಂಬುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಅರ್ಜಿಯೊಂದಿಗೆ ಪುರಾವೆ ಕೊಡಬೇಕು, ಅಷ್ಟೆ. ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಆ ಪ್ರಮಾಣಪತ್ರವನ್ನು ಗಂಡನಾದವನು ಕೇಳಿ ಪಡೆದುಕೊಳ್ಳಲಿ. ಆ ಹೊತ್ತಿನಲ್ಲಿ ಅವಳಿಗೆ ಅದು ನೆನಪಾಗುವುದಿಲ್ಲ.